ಎಡಗಡೆಯ ಪಾಲು

ಲಂಡನ್ನಿನಲ್ಲಿ ನಮ್ಮವರ ಸಭೆ ಎಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ ಇದ್ದೇ ಇರುತ್ತವೆ. ಶಾಲು ಹೊದಿಸಲು ಒಬ್ಬ ಡಾಕ್ಟರಾದರೂ ಬೇಕು, ಇಲ್ಲವೇ ನಾಲ್ಕು ಮನೆ ಬಾಡಿಗೆಗೆ ಬಿಟ್ಟ ಶ್ರೀಮಂತನಾದರೂ ಬೇಕು. ಅಲ್ಲಿನ ಕೆಂಟನ್ ಬಡಾವಣೆಯ ವೀರಣ್ಣ ಹಂಚಿನಾಳನಿಗೆ ಯಾರೂ ಇದುವರೆಗೆ ಶಾಲು ಹೊದಿಸಿಲ್ಲ. ಅವನು ಕೌನ್ಸಿಲ್ಲಿನ, ಅಂದರೆ ಅಲ್ಲಿನ ನಗರಸಭೆಯ, ಫ್ಲಾಟುಗಳಲ್ಲಿ ಕೆಟ್ಟು ನಿಂತ ಲಿಫ್ಟು ರಿಪೇರಿ ಮಾಡುವ ಮನುಷ್ಯ. ರಾಜ್ಯೋತ್ಸವದ ದಿನ ಎಲ್ಲರಿಗಿಂತ ಮೊದಲು ಬಂದು ಸಭಾಂಗಣದ ಕುರ್ಚಿ ಹಾಕುತ್ತಾನೆ, ಎಲ್ಲರೂ ಹೋದ ಮೇಲೆ ಮಡಚಿ ಇಡುತ್ತಾನೆ. "ಬಾಳ ಒಳ್ಳೇ ಹುಡುಗ ರೀ" ಎಂದು ಹೇಳಿ ಮಂದಿ ಕಾರು ಹತ್ತುತ್ತಾರೆ.

ಒಳ್ಳೆಯವನು ಎನ್ನುವುದು ಎಷ್ಟು ಅಗ್ಗದ ಮಾತು! ಬೇರೆಯವರ ಹೊರೆ ಹೊತ್ತವನಿಗೆ, ಆ ಹೊರೆ ಹೊರಿಸಿದವರೇ ಕೊಡುವ ಕೂಲಿ ಅದು. ವೀರಣ್ಣ ಆ ಕೂಲಿಯನ್ನು ಚಿಕ್ಕಂದಿನಿಂದಲೂ ಪಡೆಯುತ್ತ ಬಂದವನು. ಕುರ್ಚಿ ಮಡಚುವುದು ಅವನ ಖುಷಿ, ಅದು ಬೇರೆ ಮಾತು. ಆದರೆ ೧೯೯೭ರ ಮಾರ್ಚ್ ತಿಂಗಳ ಒಂದು ಭಾನುವಾರ, ಕೆಸರು ತುಂಬಿದ ಒಂದು ಮೈದಾನದಲ್ಲಿ, ಅವನು ಆ ಕೂಲಿ ಬೇಡ ಅಂದ. ಅದು ಹೇಗಾಯಿತು ಎನ್ನುವುದೇ ಇಲ್ಲಿನ ಸಂಗತಿ.

ಅವನ ಅಪ್ಪ ಶರಣಪ್ಪ ವಿಜಾಪುರದವರು. ಮೊದಲೇ ಬಂದು ನೆಲೆ ನಿಂತಿದ್ದ ಅಕ್ಕ-ಭಾವನ ನೆರಳಿನಲ್ಲಿ, ಹೆಂಡತಿ ಶಿವಕ್ಕ ಮತ್ತು ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಕೆಂಟನ್ನಿಗೆ ಬಂದರು. ಪಾರ್ಕ್ ರಾಯಲ್ ಕಡೆಯ ಒಂದು ಬಿಸ್ಕೀಟು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಹಿಡಿದರು. ಆಗ ವೀರಣ್ಣನಿಗೆ ಹತ್ತು ವರ್ಷ, ತಮ್ಮ ವಿಕಾಸನಿಗೆ ಎಂಟು. ನಡುವೆ ಎರಡೇ ವರ್ಷದ ಅಂತರ. ಆದರೆ ನಮ್ಮ ಕಡೆ ಎರಡು ವರ್ಷ ಅಂದರೆ ಸಣ್ಣ ಮಾತಲ್ಲ. ಹಿರಿಯವನು ಹುಟ್ಟಿದ ದಿನವೇ ಅರ್ಧ ಅಪ್ಪನಾಗಿರುತ್ತಾನೆ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ತಪ್ಪು ಯಾರದೇ ಇರಲಿ, ಕೇಳುವುದು ದೊಡ್ಡವನನ್ನು. ಕೆಂಟನ್ನಿಗೆ ಬಂದ ಮೊದಲ ಬೇಸಿಗೆಯಲ್ಲೇ ವಿಕಾಸ ಹಿತ್ತಲಲ್ಲಿ ಕ್ರಿಕೆಟ್ ಆಡಿ, ಪಕ್ಕದ ಮನೆಯ ಮುದುಕ ಟೊಮೆಟೊ ಬೆಳೆಸುತ್ತಿದ್ದ ಗಾಜಿನ ಗೂಡು ಒಡೆದ. ಸಂಜೆ ಕೆಲಸದಿಂದ ಬಂದ ಶರಣಪ್ಪ ನೇರವಾಗಿ ವೀರಣ್ಣನ ಮುಂದೆ ನಿಂತರು.

"ತಮ್ಮ ಬಾಲ್ ಹೊಡಿಯೋವಾಗ ದೊಡ್ಡಾಂವ ನೀ ಏನ ಮಾಡಾಕತ್ತಿದ್ದಿ?"

"ನಾ ಲೈಬ್ರರಿಗೆ ಹೋಗಿದ್ನೆಪಾ."

"ಅದನ್ನs ಕೇಳಾಕತ್ತೀನಿ. ತಮ್ಮನ್ನ ಬಿಟ್ಟು ಲೈಬ್ರರಿಗೆ ಯಾಕ ಹೋಗಿದ್ದಿ?"

ಇದಕ್ಕೆ ಯಾವ ಬ್ಯಾರಿಸ್ಟರೂ ಉತ್ತರ ಕೊಡಲಾರ. ಒಂದು ಏಟು ಬಿತ್ತು, ವೀರಣ್ಣನಿಗೆ. ವಿಕಾಸ ಬಾಗಿಲ ಸಂದಿಯಿಂದ ನೋಡುತ್ತ ನಿಂತಿದ್ದ. ಶರಣಪ್ಪ ಕೆಟ್ಟ ಮನುಷ್ಯ ಅಲ್ಲ. ಅವರೂ ಹಿರಿಯ ಮಗನೇ, ಅವರ ಬೆನ್ನಿನ ಮೇಲೂ ತಮ್ಮಂದಿರ ತಪ್ಪುಗಳ ಬಾಸುಂಡೆ ಎದ್ದಿದ್ದವು. ತಮಗೆ ಸಿಕ್ಕದ್ದನ್ನು ಮಗನಿಗೆ ದಾಟಿಸಿದರು, ಆಸ್ತಿ ದಾಟಿಸಿದ ಹಾಗೆ. ಊರಲ್ಲಿ ಕಾರಹುಣ್ಣಿವೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ಮೆರವಣಿಗೆ ಮಾಡುತ್ತಾರಲ್ಲ, ಹಿರಿಮಗನ ಹೊಗಳಿಕೆಯೂ ಅಷ್ಟೇ. ಮರುದಿನ ಮತ್ತೆ ನೊಗವೇ. ಮತ್ತು ಕಿರಿಯವನಿಗೆ ಆಗುವ ಅನ್ಯಾಯವನ್ನಂತೂ ಯಾರೂ ಕಾಣುವುದೇ ಇಲ್ಲ. ಅವನ ತಪ್ಪೂ ಅವನದಲ್ಲ ಅಂದಮೇಲೆ, ನಾಳೆ ಅವನ ಗೆಲುವು ಅವನದು ಎಂದು ಯಾರು ನಂಬುತ್ತಾರೆ?

ವೀರಣ್ಣ ದೊಡ್ಡವನಾಗಿ, ಹ್ಯಾರೋ ಕಡೆಯ ಒಂದು ಕಾಲೇಜಿಗೆ ಎಲೆಕ್ಟ್ರಿಕಲ್ ಕಲಿಯಲು ಸೇರಿದ. ಶನಿವಾರ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಲ್ಲುತ್ತಿದ್ದ, ಅವ್ವನನ್ನು ಜಿಪಿ ಡಾಕ್ಟರ ಹತ್ತಿರ ಕರೆದೊಯ್ದು ಮಾತು ದಾಟಿಸುತ್ತಿದ್ದ, ಅಪ್ಪನ ಪರವಾಗಿ ಕೌನ್ಸಿಲ್ಲಿಗೆ ಫೋನು ಮಾಡುತ್ತಿದ್ದ. ಅವನದೇ ಅನ್ನುವಂಥದ್ದು ಒಂದೂ ಇರಲಿಲ್ಲ. ಮೊದಲ ವರ್ಷದ ಶುರುವಿನಲ್ಲಿ ಕಾಲೇಜಿನ ಅಂಗಳದಲ್ಲಿ ಹೆಲ್ಮೆಟ್ ಹಿಡಿದುಕೊಂಡು ನಿಂತಿದ್ದ ಒಬ್ಬ ದಪ್ಪ ಮನುಷ್ಯ ಅವನನ್ನು ಕರೆದ. "ಏಯ್, ಉದ್ದ ಕೈಯವನೇ, ಓಡ್ತೀಯಾ?" ವೀರಣ್ಣ ಓಡಿ ತೋರಿಸಿದ. ಹಾಗೆ ಅವನು ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಸೇರಿದ.

ತಂಡದ ಹೆಸರು ಹೆರನ್ಸ್, ಅಂದರೆ ಕೊಕ್ಕರೆಗಳು. ಆ ದಪ್ಪ ಮನುಷ್ಯ ಕೋಚ್ ಡೆನಿಸ್, ಹಾರ್ಲ್ಸ್‌ಡನ್ನಿನವನು, ಹಗಲು ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಈ ಆಟವನ್ನು ಅವನು ಟಿ.ವಿ. ನೋಡಿ ಕಲಿತಿದ್ದ. ತಂಡಕ್ಕೆ ಸ್ವಂತ ಮೈದಾನ ಇಲ್ಲ, ರಗ್ಬಿಯವರು ಬಿಟ್ಟ ಹೊತ್ತಿನಲ್ಲಿ ಕೌನ್ಸಿಲ್ ಮೈದಾನದಲ್ಲಿ ಆಡಬೇಕು. ನಡುವೆ ಯಾರದೋ ನಾಯಿ ಚೆಂಡಿನ ಹಿಂದೆ ಓಡಿಬರುತ್ತದೆ. ನೋಡಲು ಬರುವವರು ಆಟಗಾರರ ಗೆಳತಿಯರು ಮತ್ತು ಮಳೆ. ಆದರೂ ಇಪ್ಪತ್ನಾಲ್ಕು ಎಂದು ಬರೆದ ಹಸಿರು ಜೆರ್ಸಿಯನ್ನು ಮೊದಲ ಸಲ ಹಾಕಿಕೊಂಡಾಗ, ವೀರಣ್ಣನಿಗೆ ಮೈಮೇಲೆ ತನ್ನದೇ ಆದ ಒಂದು ಚರ್ಮ ಬಂದಂತಾಯಿತು. ಮೊದಲ ವರ್ಷ ಅವನು ಚೆನ್ನಾಗಿಯೇ ಆಡಿದ.

ಎರಡನೆಯ ವರ್ಷ ವಿಕಾಸನೂ ಅದೇ ಕಾಲೇಜಿಗೆ ಬಂದ. ಶರಣಪ್ಪ ಊಟಕ್ಕೆ ಕೂತಾಗ ಹೇಳಿದರು. "ಅದೇನೋ ಕೊಕ್ಕರಿ ಆಟಕ್ಕ ಹೋಗ್ತಿ ಅಲ್ಲ, ಇವನ್ನೂ ಕರಕೊಂಡ ಹೋಗು. ಒಬ್ಬನs ಬಿಟ್ರ ಎಲ್ಲೆರೆ ತಿರಗತಾನ. ಮತ್ತ ನೋಡು, ಅಂವಗ ಪೆಟ್ಟಗಿಟ್ಟ ಆದ್ರ ನಾ ನಿನ್ನ ಕೇಳಾಂವ."

ವಿಕಾಸ ತಟ್ಟೆಯಿಂದ ತಲೆ ಎತ್ತಲಿಲ್ಲ. "ಐ ಕ್ಯಾನ್ ಗೋ ಬೈ ಮೈಸೆಲ್ಫ್," ಅಂದ. ಅಪ್ಪ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಆ ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಎದುರು ತಂಡದ ಒಬ್ಬ ಹಿಂದೆ ನಿಂತು ಚೆಂಡನ್ನು ಉದ್ದಕ್ಕೆ ಎಸೆಯುತ್ತಾನೆ. ಅವರ ಓಟಗಾರರು ನಮ್ಮ ಹಿಂಭಾಗಕ್ಕೆ ನುಗ್ಗಿ ಅದನ್ನು ಹಿಡಿಯಲು ನೋಡುತ್ತಾರೆ. ಹಿಡಿದು ಗೆರೆ ದಾಟಿದರೆ ಅವರಿಗೆ ಅಂಕ. ಅದನ್ನು ತಡೆಯಲು ನಮ್ಮ ಮೂವರು ಹಿಂದೆ ಕಾವಲಿರುತ್ತಾರೆ. ವೀರಣ್ಣ ಇದನ್ನು ಅವ್ವನಿಗೆ ಹೇಳಿದ್ದು ಹೀಗೆ: "ಮೈದಾನ ಅಂದ್ರ ಒಂದ ಹೊಲ ಅಂತ ತಿಳಕೋ ಯವ್ವಾ. ಮೂರು ಮಂದಿ ಅಣ್ಣತಮ್ಮರಿಗೆ ಉದ್ದುದ್ದ ಮೂರ ಪಾಲ ಮಾಡೇತಿ. ಎಡಗಡೆ ಪಾಲು ನಂದು. ನಡುವಿಂದು ವಿಕ್ಯಾಂದು. ಬಲಕಿಂದು ಇನ್ನೊಬ್ಬ ಹುಡುಗಂದು. ಯಾರ ಪಾಲಿನ್ಯಾಗ ಕಳ್ಳ ಬರತಾನೋ ಅವರs ಹಿಡೀಬೇಕು."

"ಬದು ದಾಟಿ ಹೋಗಂಗಿಲ್ಲೇನು?"

"ಹೋಗಂಗಿಲ್ಲ."

"ಛಲೋ ಆತು ಬಿಡು," ಅಂದರು ಶಿವಕ್ಕ, ಒಲೆಯ ಮೇಲಿನ ರೊಟ್ಟಿ ತಿರುವುತ್ತ. "ನಿಮ್ಮ ಕಾಕಾಗೋಳಿಗೂ ಈ ಆಟ ಯಾರೆರೆ ಕಲಸಿದ್ರ ಕೋರ್ಟಿಗೆ ಹೋಗೋದು ತಪ್ಪತಿತ್ತು."

ಆದರೆ ಆ ವರ್ಷ ಹೆರನ್ಸ್ ಸೋಲುತ್ತಲೇ ಹೋಯಿತು. ಸೋತದ್ದೂ ಒಂದೇ ರೀತಿ. ಎದುರಿನವರು ಚೆಂಡನ್ನು ಎಡಗಡೆಯ ಪಾಲಿಗೆ ಎಸೆಯುತ್ತಾರೆ, ಅಲ್ಲಿ ಅವರ ಹುಡುಗ ಒಬ್ಬನೇ ಇರುತ್ತಾನೆ, ಸುತ್ತ ಹತ್ತು ಹೆಜ್ಜೆ ಯಾರೂ ಇಲ್ಲ. ವೀರಣ್ಣ ಹಿಂದಿನಿಂದ ಓಡಿ ಬರುವಷ್ಟರಲ್ಲಿ ಅವನು ಗೆರೆ ದಾಟಿ ಕುಣಿಯುತ್ತಿರುತ್ತಾನೆ. ಡಿಸೆಂಬರ್ ಬರುವಷ್ಟರಲ್ಲಿ ಈ ಸುದ್ದಿ ಬೇರೆ ಕಾಲೇಜುಗಳಿಗೂ ಹಬ್ಬಿತ್ತು. ಹೆರನ್ಸ್ ಮೇಲೆ ಅಂಕ ಬೇಕಾದರೆ ಅವರ ಎಡಗಡೆಗೆ ಎಸೆಯಿರಿ.

"ಎಲ್ಲಿದ್ದೆ ವೀರಾ?" ಎಂದು ಡೆನಿಸ್ ಪ್ರತಿ ಸಲ ಕೇಳುತ್ತಿದ್ದ.

"ಸಾರಿ ಕೋಚ್."

"ಸಾರಿ ಅನ್ನೋದು ಜಾಗದ ಹೆಸರಲ್ಲ. ಎಲ್ಲಿದ್ದೆ?"

ವೀರಣ್ಣನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಓಟ ನಿಧಾನವಾಗಿದೆ ಅಂದುಕೊಂಡ. ಬೆಳಿಗ್ಗೆ ಎದ್ದು ಪಾರ್ಕಿನ ಸುತ್ತ ಓಡಿದ. ಶೂ ಬದಲಿಸಿದ. ಅವನು ತನ್ನ ಜಾಗಕ್ಕೆ ಬಂದು ನಿಂತ ಕೂಡಲೇ ತಂಡದ ಹುಡುಗರು ಟ್ಯೂಬ್ ರೈಲು ಸ್ಟೇಷನ್ನಿನ ಎಚ್ಚರಿಕೆಯ ದನಿಯಲ್ಲಿ "ಮೈಂಡ್ ದ ಗ್ಯಾಪ್!", ಸಂದಿ ಇದೆ ಜೋಕೆ, ಎಂದು ಕೂಗತೊಡಗಿದರು. ಮೊದಲು ಎಲ್ಲರೂ ನಕ್ಕರು, ವೀರಣ್ಣನೂ ನಕ್ಕ. ಫೆಬ್ರವರಿಯಲ್ಲಿ ಅವನು ನಗುವುದನ್ನು ಬಿಟ್ಟಿದ್ದ.

ಆ ತಿಂಗಳ ಕೊನೆಗೆ ಡೆನಿಸ್ ಯಾರಿಂದಲೋ ವಿಡಿಯೋ ಕ್ಯಾಮೆರಾ ತಂದು ಒಂದು ಪಂದ್ಯ ಹಿಡಿಸಿದ. ಬುಧವಾರ ಸಂಜೆ ಕಾಲೇಜಿನ ಒಂದು ಕೋಣೆಯಲ್ಲಿ ಹುಡುಗರನ್ನು ಕೂರಿಸಿ ಟಿ.ವಿ. ಹಚ್ಚಿದ. ಚಿತ್ರ ಮಂಜುಮಂಜು, ಆದರೂ ಇಪ್ಪತ್ನಾಲ್ಕು ಕಾಣುತ್ತಿತ್ತು. ಡೆನಿಸ್ ಒಂದು ಕಡೆ ನಿಲ್ಲಿಸಿ ಬೆರಳಿಟ್ಟ.

"ಇಲ್ಲಿ ನೋಡು. ಚೆಂಡು ಇನ್ನೂ ಅವನ ಕೈಯಲ್ಲೇ ಇದೆ. ಎಸೆದಿಲ್ಲ. ನಿನ್ನ ಓಟಗಾರ ನಿನ್ನ ಮುಂದೆಯೇ ಇದ್ದಾನೆ. ನಿನ್ನ ಹೆಲ್ಮೆಟ್ ಯಾವ ಕಡೆ ತಿರುಗಿದೆ?"

ಹೆಲ್ಮೆಟ್ ನಡುವಿನ ಪಾಲಿನ ಕಡೆ ತಿರುಗಿತ್ತು. ಮುಂದೆ ಓಡಿಸಿದಾಗ ವೀರಣ್ಣನ ಕಾಲೂ ಆ ಕಡೆ ಹೊರಟಿತು, ಒಂದು ಹೆಜ್ಜೆ, ಎರಡು, ಮೂರು. ನಡುವೆ ವಿಕಾಸ ನಿಂತಿದ್ದ. ಅವನ ಹತ್ತಿರ ಒಬ್ಬ ಓಟಗಾರ ಬರುತ್ತಿದ್ದ ಅಷ್ಟೇ, ಅಪಾಯ ಏನೂ ಇರಲಿಲ್ಲ. ಅಷ್ಟರಲ್ಲಿ ಚೆಂಡು ಎಡಕ್ಕೆ ಹಾರಿತು. ಡೆನಿಸ್ ಇನ್ನೊಂದು ಸಲ ತೋರಿಸಿದ, ಮತ್ತೊಂದು. ಪ್ರತಿ ಸಲ ಅದೇ ತಲೆ, ಅದೇ ತಿರುವು.

ಕೋಣೆಯಲ್ಲಿ ಯಾರೂ ನಗಲಿಲ್ಲ. ವೀರಣ್ಣ ಪರದೆಯ ಮೇಲಿನ ತನ್ನನ್ನು ನೋಡುತ್ತ, ಎಲ್ಲಿದ್ದೆ ಅನ್ನುವ ಪ್ರಶ್ನೆಗೆ ಉತ್ತರ ಕಂಡುಕೊಂಡ.

"ನಡುವೆ ಏನಿದೆ? ಏನು ನೋಡ್ತಾ ಇದ್ದೆ?" ಡೆನಿಸ್ ಕೇಳಿದ.

ತಮ್ಮನನ್ನು ನೋಡುತ್ತಿದ್ದೆ ಅಂದರೆ ಮಾತು ತಮ್ಮನ ಮೇಲೆ ಹೋಗುತ್ತದೆ. ಅವನ ಮೇಲೆ ಭರವಸೆ ಇಲ್ಲ ಅಂದಂತಾಗುತ್ತದೆ. "ಚೆಂಡು ನೋಡ್ತಿದ್ದೆ ಕೋಚ್," ಅಂದ.

ಡೆನಿಸ್ ಟಿ.ವಿ. ಆರಿಸಿದ. "ಮುಂದಿನ ಭಾನುವಾರ ಕೊನೆಯ ಪಂದ್ಯ. ನಿನ್ನ ಬೆನ್ನ ಹಿಂದೆ ಇನ್ನೊಂದು ಚೆಂಡು ಬಿದ್ದರೆ ಆ ಜೆರ್ಸಿ ಬೇರೆಯವರಿಗೆ ಕೊಡ್ತೇನೆ. ಮುಂದಿನ ವರ್ಷಕ್ಕೂ ಸೇರಿ. ಬೇಜಾರು ಮಾಡ್ಕೋಬೇಡ."

ಮನೆಗೆ ಹೋಗುವ ಬಸ್ಸಿನಲ್ಲಿ ಅಣ್ಣತಮ್ಮ ಮೇಲಿನ ಮಹಡಿಯಲ್ಲಿ ಒಬ್ಬರ ಹಿಂದೊಬ್ಬರು ಕೂತರು. ಎರಡು ಸ್ಟಾಪು ದಾಟಿದವು. ಆಮೇಲೆ ಹಿಂದಿನ ಸೀಟಿನಿಂದ ವಿಕಾಸ ಮುಂದಕ್ಕೆ ಬಾಗಿದ.

"ಚೆಂಡು ನೋಡ್ತಿದ್ಯಾ? ಲೈಯರ್."

"ಸುಮ್ನಿರು."

"ಯು ವರ್ ಲುಕಿಂಗ್ ಅಟ್ ಮೀ. ಎವ್ರಿ ಟೈಮ್."

"ನಿನಗ ಪೆಟ್ಟಗಿಟ್ಟ ಆದ್ರ ಅಪ್ಪ..."

"ಅಪ್ಪ ಅಲ್ಲಿ ಬಂದಾನೇನು? ಮೈದಾನದಾಗ ಅಪ್ಪ ಎಲ್ಲಿದಾನ?" ವಿಕಾಸ ಅಣ್ಣನ ಜೊತೆ ಸಿಟ್ಟು ಬಂದಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದ, ಅದೂ ಅಪ್ಪನ ಕನ್ನಡಕ್ಕೆ. "ಒಂದು ಸೀಸನ್ ಆತು ಅಣ್ಣಾ. ಒಂದs ಒಂದ್ ಬಾಲ್ ನನ್ನ ಕೈಗೆ ಬಂದಿಲ್ಲ. ನನ್ನ ಕಡೆ ಬಂದ್ರ ನೀ ಮೊದಲs ಅಲ್ಲಿರ್ತಿ. ಹಿಡದ್ರ ನೀ ಹಿಡೀತಿ, ಬಿಟ್ರ ಬೈಸಿಕೊಳ್ಳಾಂವನೂ ನೀನs. ಹಂಗಾರ ನಾ ಏನ ಅಲ್ಲಿ? ಫರ್ನಿಚರ್?"

ಮುಂದಿನ ಸೀಟಿನಲ್ಲಿದ್ದ ಹೆಂಗಸು ತಿರುಗಿ ನೋಡಿದಳು. ವಿಕಾಸ ದನಿ ತಗ್ಗಿಸಿದ.

"ಆ ಗಾಜು ಒಡದಾಂವ ನಾ. ಹೊಡತ ತಿಂದಾಂವ ನೀ. ನನಗ ಎಷ್ಟ ನಾಚಿಕಿ ಆಗಿತ್ತು ಗೊತ್ತೇನು? ಯಾರೂ ಕೇಳಲಿಲ್ಲ. ನಾ ಬಿದ್ರ ಬೀಳತೀನಿ. ಜಸ್ಟ್ ಲೆಟ್ ಮೀ ಫಾಲ್, ಯಾರ್."

ತಾನು ಹೊತ್ತ ಹೊರೆಯ ಕೆಳಗೆ ಇನ್ನೊಬ್ಬ ಸಿಕ್ಕಿಕೊಂಡಿದ್ದಾನೆ ಎನ್ನುವುದು ವೀರಣ್ಣನಿಗೆ ಅದುವರೆಗೆ ಎಂದೂ ಹೊಳೆದಿರಲಿಲ್ಲ. ತ್ಯಾಗ ಮಾಡುವವರ ತೊಂದರೆಯೇ ಅದು. ಬೆನ್ನು ನೋಯುತ್ತಿದೆ ಎಂದು ಅವರಿಗೆ ಗೊತ್ತಿರುತ್ತದೆ, ಯಾರ ಕಾಲ ಮೇಲೆ ನಿಂತಿದ್ದೇವೆ ಎಂದು ಗೊತ್ತಿರುವುದಿಲ್ಲ.

ತಿಳಿಯುವುದು ಬೇರೆ, ಕಾಲಿಗೆ ತಿಳಿಸುವುದು ಬೇರೆ. ಆ ವಾರ ಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಬಂತು. ಕಸದ ಬಿನ್ನು ರಸ್ತೆಗೆ ಇಡುವ ಕೆಲಸ ಹೆಸರಿಗೆ ವಿಕಾಸನದು. ವಿಕಾಸ ಮರೆಯುತ್ತಿದ್ದ, ವೀರಣ್ಣ ಇಡುತ್ತಿದ್ದ, ಇದು ವರ್ಷಗಳಿಂದ ನಡೆದುಬಂದಿತ್ತು. ಈ ಸಲ ಬೆಳಿಗ್ಗೆ ಲಾರಿಯ ಸದ್ದು ರಸ್ತೆಯ ತುದಿಯಲ್ಲಿ ಕೇಳಿದಾಗ ವೀರಣ್ಣನಿಗೆ ಎಚ್ಚರವಾಗಿತ್ತು. ಕಾಲು ತಾನಾಗಿಯೇ ಹಾಸಿಗೆಯಿಂದ ಕೆಳಗಿಳಿಯಿತು. ಅವನು ಅದನ್ನು ಮತ್ತೆ ಮೇಲೆ ಎಳೆದುಕೊಂಡು ಮಲಗಿದ. ಲಾರಿ ಮನೆಯ ಮುಂದೆ ಬಂತು, ನಿಲ್ಲದೆ ಹೋಯಿತು. ಒಂದು ಬಿನ್ನು ಕಸವನ್ನು ಬಿಟ್ಟುಕೊಡುವುದು ಅಷ್ಟು ಕಷ್ಟ ಎಂದು ಯಾರಾದರೂ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ.

ಶರಣಪ್ಪ ಚಹಾ ಕಪ್ಪು ಹಿಡಿದು ಅಂಗಳಕ್ಕೆ ಹೋಗಿ ಬಂದರು. "ಬಿನ್ ಹಂಗs ಕುಂತೈತಿ! ದೊಡ್ಡಾಂವ ನೀ ಏನ ಮಾಡಾಕತ್ತಿದ್ದಿ?"

ವೀರಣ್ಣ ಟೋಸ್ಟಿಗೆ ಬೆಣ್ಣೆ ಹಚ್ಚಿದ. ವಿಕಾಸ ಒಮ್ಮೆ ಅಣ್ಣನನ್ನು ನೋಡಿದ, ಒಮ್ಮೆ ಅಪ್ಪನನ್ನು. "ನಾ ಮರತಿನಿ ಅಪ್ಪಾ. ಇಟ್ ವಾಸ್ ಮೈ ಜಾಬ್," ಅಂದ. ಇಡೀ ವಾರ ಬಿನ್ನು ನಾರಿತು. ನಾರಿದಾಗಲೆಲ್ಲ ವಿಕಾಸನೇ ಹೋಗಿ ಮುಚ್ಚಳ ಒತ್ತಿ ಬಂದ.

ಭಾನುವಾರದ ಪಂದ್ಯಕ್ಕೆ ಅಪ್ಪ ಅವ್ವ ಇಬ್ಬರೂ ಬಂದರು. ಅದಕ್ಕೆ ಮೊದಲು ಎಂದೂ ಬಂದಿರಲಿಲ್ಲ. ಶರಣಪ್ಪನಿಗೆ ಆ ದಿನ ಶಿಫ್ಟ್ ಇರಲಿಲ್ಲ, ಶಿವಕ್ಕನಿಗೆ ವಾರವಾರವೂ ವಾಷಿಂಗ್ ಮಷಿನ್ನಿಗೆ ಇಷ್ಟು ಕೆಸರು ಎಲ್ಲಿಂದ ಬರುತ್ತದೆ ಎಂದು ನೋಡಬೇಕಿತ್ತು. ಕಟಿರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಕಟ್ಟಿಕೊಂಡು, ಸೀರೆಯ ಮೇಲೆ ಟೊಪ್ಪಿಗೆಯಿರುವ ಅನೋರಾಕ್ ಕೋಟು ಹಾಕಿಕೊಂಡು, ಆಕೆ ಗೆರೆಯ ಪಕ್ಕ ಮಡಚುವ ಕುರ್ಚಿಯಲ್ಲಿ ಕೂತರು. ಶರಣಪ್ಪ ನಿಂತೇ ಇದ್ದರು.

ಎದುರಿನವರು ಥೇಮ್ಸ್ ನದಿಯಾಚೆಯ ಒಂದು ಕಾಲೇಜಿನವರು. ಅವರಿಗೂ ಸುದ್ದಿ ಮುಟ್ಟಿತ್ತು. ಮೊದಲ ಸಲವೇ ಚೆಂಡು ಎಡಕ್ಕೆ ಬಂತು. ಆದರೆ ಎಡಗಡೆಯ ಪಾಲಿನಲ್ಲಿ ವೀರಣ್ಣ ಇದ್ದ. ಕೈ ಚಾಚಿ ಚೆಂಡನ್ನು ನೆಲಕ್ಕೆ ಬಡಿದ. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಮತ್ತೆ ಬಡಿದ. ಹಿಂದಿನಿಂದ ಒಬ್ಬ "ಮೈಂಡ್ ದ..." ಎಂದು ಶುರು ಮಾಡಿ ಸುಮ್ಮನಾದ. ವೀರಣ್ಣನಿಗೆ ಕುತ್ತಿಗೆಯ ನರ ಎಳೆಯುತ್ತಿತ್ತು, ಬಲಕ್ಕೆ ತಿರುಗು ತಿರುಗು ಎಂದು. ಅವನು, ಓಟ ಎತ್ತ ತಿರುಗುತ್ತದೆಂದು ಮೊದಲು ತೋರಿಸುವ ಎದುರಿನ ಹುಡುಗನ ಸೊಂಟದ ಮೇಲೆ ಕಣ್ಣು ನೆಟ್ಟು ಆಡಿದ.

ಎಡಕ್ಕೆ ದಾರಿ ಇಲ್ಲ ಎಂದು ತಿಳಿದ ಮೇಲೆ ಅವರು ನಡುವೆ ಎಸೆದರು. ಎತ್ತರದ ಒಬ್ಬ ಹುಡುಗ ವಿಕಾಸನ ಪಕ್ಕದಿಂದ ಜಾರಿ ಹೋದ. ವಿಕಾಸ ಹಾರಿದ, ಕೈಗೆ ಗಾಳಿ ಸಿಕ್ಕಿತು, ಮುಖ ಅಡಿಯಾಗಿ ಕೆಸರಿಗೆ ಬಿದ್ದ. ಆ ಹುಡುಗ ಗೆರೆ ದಾಟಿದ. ವೀರಣ್ಣ ಎಲ್ಲವನ್ನೂ ಕಣ್ಣಂಚಿನಲ್ಲಿ ನೋಡಿದ. ನಾಲ್ಕು ಹೆಜ್ಜೆ ಓಡಿದ್ದರೆ ತಾನು ಅಲ್ಲಿರುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಅವನ ಪಾಲಿನ ಓಟಗಾರ ಅದೇ ಹೊತ್ತಿಗೆ ಅವನ ಪಕ್ಕದಲ್ಲೇ ಓಡುತ್ತಿದ್ದ, ವೀರಣ್ಣ ಬದು ದಾಟುವುದನ್ನೇ ಕಾಯುತ್ತ. ವೀರಣ್ಣ ತನ್ನ ಪಾಲು ಬಿಡಲಿಲ್ಲ. ಅಷ್ಟು ದಿನ ತಿಂದ ಏಟುಗಳಲ್ಲಿ ಯಾವುದೂ ಅಷ್ಟು ನೋಯಿಸಿರಲಿಲ್ಲ.

ಗೆರೆಯಾಚೆಯಿಂದ ಒಂದು ದನಿ ಇಡೀ ಮೈದಾನಕ್ಕೆ ಕೇಳುವಂತೆ ಎದ್ದಿತು.

"ಏ ವೀರಣ್ಣಾ! ಏನ ನೋಡಕೋತ ನಿಂತಿಯೋ? ತಮ್ಮ ಬಿದ್ದಾನ! ಅವನ ಕಡೆ ಹೋಗೋ!"

ಇಪ್ಪತ್ತೆರಡು ಮಂದಿ ಆಟಗಾರರಲ್ಲಿ ಇಬ್ಬರಿಗೆ ಮಾತ್ರ ಆ ಮಾತು ಅರ್ಥವಾಯಿತು. ವಿಕಾಸ ತಾನೇ ಎದ್ದ. ಮುಖದ ಮುಂದಿನ ಜಾಲರಿಯಿಂದ ಹುಲ್ಲು ಕಿತ್ತು ಎಸೆದ. ಅಣ್ಣನ ಕಡೆ ನೋಡಲಿಲ್ಲ.

ಪಂದ್ಯ ಮುಗಿಯುವ ಹೊತ್ತಿಗೆ ಹೆರನ್ಸ್ ಎರಡೇ ಅಂಕ ಹಿಂದಿತ್ತು. ಇನ್ನೊಂದು ಚೆಂಡು ತಡೆದರೆ ಕೊನೆಯ ಅವಕಾಶ ತಮ್ಮದಾಗುತ್ತಿತ್ತು. ಹುಡುಗರು ಜಾಗಕ್ಕೆ ಬಂದು ನಿಂತರು. ಆ ನಿಶ್ಶಬ್ದದಲ್ಲಿ ಶರಣಪ್ಪ ಮತ್ತೆ ಕೂಗಿದರು. ಈ ಸಲ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. "ವೀರೂ! ತಮ್ಮನ ಸನೇಕ ನಿಲ್ಲೋ! ಮತ್ತ ಬೀಳತಾನ ಅಂವಾ!"

ವೀರಣ್ಣನ ಬಲಗಾಲು ಎದ್ದಿತು. ಚಿಕ್ಕಂದಿನಿಂದ ಕೇಳಿದ ದನಿ, ಕಾಲಿಗೆ ನೇರವಾಗಿ ಹೋಗುವ ದನಿ. ಅಷ್ಟರಲ್ಲಿ ನಡುವಿನ ಪಾಲಿನಿಂದ ಇನ್ನೊಂದು ದನಿ ಬಂತು, ಅಪ್ಪನಿಗೆ ಕೇಳುವ ಹಾಗೆಯೇ.

"ಅಣ್ಣಾ, ಅಲ್ಲೇ ನಿಲ್ಲು!"

ಹಂಚಿನಾಳರ ಮನೆಯಲ್ಲಿ ಚಿಕ್ಕವನು ದೊಡ್ಡವನಿಗೆ, ಅದೂ ಅಪ್ಪನ ಮಾತಿನ ಮೇಲೆ, ಅಪ್ಪಣೆ ಕೊಟ್ಟಿದ್ದು ಅದೇ ಮೊದಲು. ವೀರಣ್ಣ ಎತ್ತಿದ ಕಾಲನ್ನು ಇದ್ದಲ್ಲೇ ಊರಿದ.

ಚೆಂಡು ಎಸೆಯುವವನು ವೀರಣ್ಣನ ಪಾಲಿನ ಕಡೆ ನೋಡಿದ. ಅಲ್ಲಿ ಇಪ್ಪತ್ನಾಲ್ಕು ನಿಂತಿತ್ತು. ನಡುವೆ ಎಸೆದ. ಅದೇ ಎತ್ತರದ ಹುಡುಗ, ಅದೇ ಜಾರುವಿಕೆ. ವಿಕಾಸ ಈ ಸಲ ಅವನ ಬೆನ್ನು ಬಿಡದೆ ಓಡಿ, ಕೊನೆಯಲ್ಲಿ ಬೆರಳ ತುದಿ ತಾಗಿಸಿದ. ಹಿಡಿಯಲಿಲ್ಲ, ಹಿಡಿಯುವಂಥ ಚೆಂಡೂ ಆಗಿರಲಿಲ್ಲ. ಅದು ಬೆರಳಿಗೆ ತಗುಲಿ ದಿಕ್ಕು ತಪ್ಪಿ ನೆಲಕ್ಕೆ ಬಿತ್ತು. ಅಂಕ ಹೋಗಲಿಲ್ಲ. ವಿಕಾಸ ಕೆಸರಿನಲ್ಲಿ ಮಲಗಿಕೊಂಡೇ ತನ್ನ ಕೈಯನ್ನು, ಬೇರೆ ಯಾರದೋ ಕೈಯೆಂಬಂತೆ, ಎತ್ತಿ ನೋಡಿದ. ವೀರಣ್ಣ ಅವನನ್ನು ಎಬ್ಬಿಸಲು ಹೋಗಲಿಲ್ಲ. ದೂರದಿಂದಲೇ ಎರಡು ಕೈ ಮೇಲೆತ್ತಿದ.

ಪಂದ್ಯವನ್ನೇನೋ ಅವರು ಸೋತರು. ಕೊನೆಯ ಅವಕಾಶ ಸಿಕ್ಕಿತು, ತಂಡದ ಮುಂಭಾಗದ ಹುಡುಗರು ಚೆಂಡನ್ನು ಕೈಜಾರಿಸಿ ಅದನ್ನು ಹಾಳುಮಾಡಿದರು. ಆದರೆ ಆ ದಿನ ಎಡಗಡೆಯಿಂದ ಒಂದು ಅಂಕವೂ ಹೋಗಲಿಲ್ಲ. ಎಲ್ಲರೂ ಜೆರ್ಸಿ ಬಿಚ್ಚಿ ತಂಡದ ಚೀಲಕ್ಕೆ ಹಾಕುತ್ತಿದ್ದಾಗ ಡೆನಿಸ್ ವೀರಣ್ಣನ ಹತ್ತಿರ ಬಂದ. "ಅದನ್ನು ಚೀಲಕ್ಕೆ ಹಾಕಬೇಡ. ಬೇಸಿಗೆಗೆ ಮನೆಯಲ್ಲೇ ಇಟ್ಟುಕೋ. ನಿನ್ನಮ್ಮನಿಗೆ ಒಗೆಯೋಕೆ ಹೇಳು, ನಾರ್ತಿದೆ."

"ನಾನೇ ಒಗೀತೀನಿ ಕೋಚ್," ಅಂದ ವೀರಣ್ಣ.

ಗೆರೆಯ ಪಕ್ಕ ಶಿವಕ್ಕ ಬುತ್ತಿ ಬಿಚ್ಚುತ್ತಿದ್ದರು. ಶರಣಪ್ಪ ಅನೋರಾಕಿನ ಜೇಬಿನಲ್ಲಿ ಕೈ ಇಟ್ಟುಕೊಂಡು ಕಾಯುತ್ತಿದ್ದರು. ವಿಕಾಸನ ಗದ್ದ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, ಗಾಯ ಇಲ್ಲ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಹಿರಿಯ ಮಗನ ಕಡೆ ತಿರುಗಿದರು.

"ತಮ್ಮ ಬೀಳೋವಾಗ ದೊಡ್ಡಾಂವ ನೀ ಏನ ಮಾಡಾಕತ್ತಿದ್ದಿ?"

ವೀರಣ್ಣನಿಗೆ ಸಿಟ್ಟು ಬರಲಿಲ್ಲ. ಬರುತ್ತದೆ ಅಂದುಕೊಂಡಿದ್ದ. "ನನ್ನ ಪಾಲಿನ್ಯಾಗ ನಿಂತಿದ್ದೆ ಅಪ್ಪಾ," ಅಂದ.

"ಅಂದ್ರ?"

"ನಡುವಿನ ಪಾಲು ಅವಂದು. ಅಲ್ಲಿ ಏನಾತು ಅನ್ನೋದು ಅವನ್ನ ಕೇಳು."

ಶರಣಪ್ಪ ಬಾಯಿ ತೆರೆದರು. ಕಿರಿಯವನ ಕಡೆ ನೋಡಿದರು. ಎಂದೂ ಕೇಳದವರಿಗೆ ಹೇಗೆ ಕೇಳಬೇಕು ಎನ್ನುವುದೂ ಗೊತ್ತಿರುವುದಿಲ್ಲ. ಕೊನೆಗೆ ವಿಕಾಸನೇ ಶುರು ಮಾಡಿದ. "ಫಸ್ಟ್ ಟೈಮ್ ನಾ ತಪ್ಪಿದೆ ಅಪ್ಪಾ. ಅಂವ ಎಡಕ್ಕ ಹೋಗ್ತಾನಂತ ತಿಳದಿದ್ದೆ. ಸೆಕೆಂಡ್ ಟೈಮ್ ತಪ್ಪಲಿಲ್ಲ. ನೋಡಿದಿ ಇಲ್ಲ?"

"ನೋಡಿದೆ," ಅಂದರು ಶರಣಪ್ಪ. ಅವನ ಕೈ ನೋಡಿ, "ಬೆರಳಿಗೆ ಪೆಟ್ಟ ಆತೇನು?" ಎಂದು ಕೇಳಿದರು. ಅವನನ್ನೇ ಕೇಳಿದರು.

"ಕುಂಡ್ರರಿ ಇನ್ನ," ಎಂದರು ಶಿವಕ್ಕ. "ನಿಂತು ನಿಂತು ನೀವು ಮೂರೂ ಮಂದಿ ಕೊಕ್ಕರಿ ಆಗೀರಿ. ಹಿಡೀರಿ ರೊಟ್ಟಿ."

ಇಷ್ಟಕ್ಕೆ ಲೋಕವೇನೂ ಬದಲಾಗಲಿಲ್ಲ. ಅಪ್ಪನ ಬಾಯಲ್ಲಿ ಆ ಪ್ರಶ್ನೆ ಆಮೇಲೆಯೂ ಎಷ್ಟೋ ಸಲ ಬಂತು. ವೀರಣ್ಣ ಇನ್ನೊಂದು ವರ್ಷ ಆಡಿ, ಕೋರ್ಸು ಮುಗಿಸಿ, ಲಿಫ್ಟಿನ ಕೆಲಸಕ್ಕೆ ಸೇರಿದ. ವಿಕಾಸ ಇಲ್ಫರ್ಡಿನಲ್ಲಿ ಗೆಳೆಯನ ಜೊತೆ ಮೊಬೈಲ್ ಅಂಗಡಿ ಹಾಕಿದ, ಮುಚ್ಚಿದ, ಈಗ ಬಸ್ ಡ್ರೈವರನಾಗಿ ನೆಮ್ಮದಿಯಾಗಿದ್ದಾನೆ. ಅಂಗಡಿ ಮುಚ್ಚಿದಾಗ ನಮ್ಮವರ ಒಂದು ಮದುವೆ ಊಟದಲ್ಲಿ ಹಿರಿಯರೊಬ್ಬರು, ಡಾಕ್ಟರು, ಶಾಲು ಹೊದ್ದವರು, ವೀರಣ್ಣನ ಭುಜ ತಟ್ಟಿ "ಏನಪ್ಪಾ, ದೊಡ್ಡವನಾಗಿ ತಮ್ಮನಿಗೆ ಒಂದು ದಾರಿ ತೋರಿಸಬಾರದಿತ್ತೇ?" ಎಂದು ಕೇಳಿದರು. ವೀರಣ್ಣ ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಬಡಿಸಿ, "ಅವನ ದಾರಿ ಅವನಿಗೇ ಗೊತ್ತೈತಿ ರೀ, ಅಲ್ಲೇ ಕುಂತಾನ, ಕೇಳರಿ," ಅಂದ. ಡಾಕ್ಟರು ಕೇಳಲಿಲ್ಲ. ಉಪದೇಶ ಕೊಡುವ ಜನಕ್ಕೆ ಪ್ರಶ್ನೆ ಕೇಳುವ ಪುರಸೊತ್ತು ಎಲ್ಲಿ?

ವೀರಣ್ಣನಿಗೆ ಈಗ ಇಬ್ಬರು ಹೆಣ್ಣುಮಕ್ಕಳು. ೨೦೦೮ರ ಒಂದು ಬೆಳಿಗ್ಗೆ ಶರಣಪ್ಪ ಮಗನ ಮನೆಯ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಚಿಕ್ಕವಳು ಹಾಲಿನ ಬಟ್ಟಲನ್ನು ಮೊಣಕೈ ತಾಗಿಸಿ ಉರುಳಿಸಿದಳು. ಹಾಲು ಟೇಬಲ್ಲಿನ ಅಂಚಿನಿಂದ ತೊಟ್ಟಿಕ್ಕತೊಡಗಿತು. ಮುದುಕರ ತಲೆ ತಾನಾಗಿಯೇ ದೊಡ್ಡವಳ ಕಡೆ ತಿರುಗಿತು.

"ದೊಡ್ಡಾಕಿ ನೀ ಏನ..."

"ಐ ವಾಸ್ ಈಟಿಂಗ್, ಅಜ್ಜಾ," ಅಂದಳು ದೊಡ್ಡವಳು, ಚಮಚ ಬಾಯಿಂದ ತೆಗೆಯದೆ.

ಶರಣಪ್ಪ ಮಗನ ಮುಖ ನೋಡಿದರು. ವೀರಣ್ಣ ಸಿಂಕಿನ ಮೇಲಿದ್ದ ಒರೆಸುವ ಬಟ್ಟೆ ತೆಗೆದು, ಹಿಂಡಿ, ಚಿಕ್ಕವಳ ಕೈಗೆ ಕೊಟ್ಟ. ಅವಳು ಕುರ್ಚಿಯಿಂದ ಇಳಿದು, ನಾಲಿಗೆ ಹೊರಗೆ ಹಾಕಿ, ಬಹಳ ಶ್ರದ್ಧೆಯಿಂದ ನೆಲ ಒರೆಸಿದಳು. ಅರ್ಧ ಹಾಲು ಅಲ್ಲೇ ಉಳಿಯಿತು. ಶರಣಪ್ಪ ಕಾಲು ಎತ್ತಿಕೊಂಡು ಅವಳಿಗೆ ಜಾಗ ಬಿಟ್ಟರು.